ನಡುವಿನ ಖಾಲಿ ಸೀಟು

ಅಣ್ಣ ಸರಕು ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸ ಮಾಡುತ್ತಿದ್ದ. ಆ ವರ್ಷ ಅವನ ಹಡಗು ದುರಸ್ತಿಗೆಂದು ಜರ್ಮನಿಯ ಹ್ಯಾಂಬರ್ಗ್ ಬಂದರಿನಲ್ಲಿ ನಿಂತಿತು. ಊರಿಗೆ ಬರಲು ಅವನಿಗೆ ರಜೆ ಸಿಗಲಿಲ್ಲ, ಬದಲಿಗೆ ಆಯಿಗೂ ನನಗೂ, ತಾಯಿ ಮಗಳಿಬ್ಬರಿಗೂ, ಟಿಕೆಟ್ ಕಳಿಸಿದ. ನಾನಾಗ ಕಾರವಾರದ ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಆಯಿ ನಮ್ಮೂರು ಕೇಣಿಯಿಂದ ಅಂಕೋಲೆ ಪೇಟೆಗೆ ಮೀನು ಒಯ್ದು ಮಾರುತ್ತಿದ್ದಳು. ಹೊರಡುವ ಹಿಂದಿನ ದಿನದವರೆಗೂ ಮಾರಿದಳು. ಬೇಡವೆಂದು ನಾನು ಹೇಳಿದ್ದೆ.

ಮುಂಬೈಯಿಂದ ಫ್ರಾಂಕ್‌ಫರ್ಟ್‌ವರೆಗೆ ವಿಮಾನದ ಹಿಂಭಾಗದಲ್ಲಿ ಒತ್ತಿಕೊಂಡು ಕೂತಿದ್ದೆವು. ಆಯಿಯ ಮಗ್ಗುಲಿಗೆ ಗೋವೆಯ ಹೆಂಗಸೊಬ್ಬಳಿದ್ದಳು. ಇಬ್ಬರೂ ಕೊಂಕಣಿಯಲ್ಲಿ ಮಾತಿಗೆ ಬಿದ್ದರು. ಇಳಿಯುವಷ್ಟರಲ್ಲಿ ಆಯಿಗೆ ಆಕೆಯ ಸೊಸೆಯ ಕತೆಯೆಲ್ಲ ಗೊತ್ತಾಗಿತ್ತು.

ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಬೇಕಿತ್ತು. ಅಲ್ಲಿಂದ ಹ್ಯಾಂಬರ್ಗ್‌ಗೆ ತಾಸಿನ ದಾರಿ. ಕೌಂಟರಿನಲ್ಲಿದ್ದವಳು ನಮ್ಮ ಟಿಕೆಟ್ ನೋಡಿ, ಹಿಂದಿನ ಸೀಟುಗಳೆಲ್ಲ ತುಂಬಿವೆ, ನಿಮ್ಮಿಬ್ಬರನ್ನು ಬಿಸಿನೆಸ್ ಕ್ಲಾಸಿಗೆ ಹಾಕಿದ್ದೇನೆ, ಹೆಚ್ಚಿಗೆ ಏನೂ ಕೊಡಬೇಕಾಗಿಲ್ಲ ಎಂದಳು. ನಾನು ಆಯಿಗೆ, “ಹಿಂದೆ ಜಾಗ ಇಲ್ಲಂತೆ, ಮುಂದೆ ಕೂರ್ಸ್ತರಂತೆ” ಎಂದಷ್ಟೇ ಹೇಳಿದೆ. ಒಳಗೊಳಗೇ ಹಿಗ್ಗಿದ್ದೆ. ಅದನ್ನು ತೋರಿಸಿಕೊಳ್ಳುವುದು ನನ್ನ ಸ್ವಭಾವವಲ್ಲ.

ಆ ಊರುಗಳ ನಡುವೆ ಹಾರುವ ಸಣ್ಣ ವಿಮಾನಗಳಲ್ಲಿ ದುಬಾರಿ ಸೀಟೆಂದರೆ ಬೇರೆಯೇನಿಲ್ಲ. ಹಿಂದಿನಂಥವೇ ಮೂರು ಸೀಟಿನ ಸಾಲುಗಳು. ನಡುವಿನ ಸೀಟನ್ನು ಮಾತ್ರ ಯಾರಿಗೂ ಕೊಡುವುದಿಲ್ಲ. ಕಿಟಕಿಯ ಪಕ್ಕ ಆಯಿ, ದಾರಿಯ ಪಕ್ಕ ನಾನು. ವಿಮಾನ ಮೇಲೇರಿದ ಮೇಲೆ ಪರಿಚಾರಕ ಬಂದು ನಮ್ಮ ಬೆನ್ನ ಹಿಂದೆಯೇ ಪರದೆ ಎಳೆದ. ಬಿಳಿ ಬಟ್ಟೆ ಹಾಸಿದ ಟ್ರೇಯಲ್ಲಿ ತಿಂಡಿ ಬಂತು. ಪಿಂಗಾಣಿ ಬಟ್ಟಲಿನಲ್ಲಿ ಕಾಫಿ. ನಾನು ಎರಡನೆಯ ಸಲವೂ ಕೇಳಿ ಹಾಕಿಸಿಕೊಂಡೆ.

ಆಯಿ ಟ್ರೇ ಮುಟ್ಟಲಿಲ್ಲ. ಸೆರಗನ್ನು ಮೈತುಂಬ ಎಳೆದುಕೊಂಡು, ಕೈಗಳೆರಡನ್ನೂ ಅದರೊಳಗೆ ಹುದುಗಿಸಿ, ಕಿಟಕಿಗೆ ಅಂಟಿ ಕೂತಿದ್ದಳು. ತಲೆ ಸುತ್ತುತ್ತಿರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ನನ್ನತ್ತ ಬಗ್ಗಿ ಕೇಳಿದಳು: “ಮಗಾ, ಹಿಂದೆ ಜಾಗ ಇಲ್ಲ ಅಂದ್ರಲಾ. ಹಂಗಾರೆ ಇದು ಯಾಕೆ ಖಾಲಿ?”

“ಸುಮ್ನೆ ಕೂತ್ಕ ಆಯಿ. ಎಲ್ಲರಿಗೂ ಕೇಳ್ತದೆ.”

ಕೇಳಿದರೂ ಅಲ್ಲಿ ಯಾರಿಗೆ ಕನ್ನಡ ತಿಳಿಯುತ್ತಿತ್ತು? ಆಯಿ ಕಿಟಕಿಯತ್ತ ತಿರುಗಿದಳು.

ಅವಳ ಪ್ರಶ್ನೆ ನನಗೆ ಆಗಲೇ ಅರ್ಥವಾಗಬೇಕಿತ್ತು. ಕೇಣಿಯ ಬಸ್ಸಿನಲ್ಲಿ ಮೀನು ಮಾರುವ ಹೆಂಗಸರದು ಹಿಂದಿನ ಸೀಟು. ಅವರ ಪಕ್ಕದ ಜಾಗ ಖಾಲಿಯಿದ್ದರೂ ಜನ ನಿಂತೇ ಬರುತ್ತಾರೆ. ಕಿಟಕಿ ತೆಗೆಯಿರಿ ಎಂದು ಕಂಡಕ್ಟರನೇ ಕೂಗುತ್ತಾನೆ. ಕಾಲೇಜಿಗೆ ಹೋಗುವ ದಿನಗಳಲ್ಲಿ ಅದೇ ಬಸ್ಸು ಹತ್ತಿದಾಗ ನಾನು ಡ್ರೈವರನ ಹಿಂದಿನ ಕಂಬ ಹಿಡಿದು ನಿಲ್ಲುತ್ತಿದ್ದೆ. ಆಯಿ ಒಂದು ದಿನವೂ ನನ್ನನ್ನು ಕೂಗಿ ಕರೆದವಳಲ್ಲ. ಆದರೆ ಆ ವಿಮಾನದಲ್ಲಿ ಕೇಣಿಯ ಬಸ್ಸನ್ನು ನೆನೆಯುವ ಮನಸ್ಸು ನನಗಿರಲಿಲ್ಲ.

ಅಣ್ಣ ಮರುದಿನ ಊರು ತೋರಿಸಲು ಕರೆದೊಯ್ದ. ನೀರಿನ ಅಂಚಿಗೆ ಸಾಲಾಗಿ ನಿಂತ ಕೆಂಪು ಇಟ್ಟಿಗೆಯ ಗೋದಾಮುಗಳು, ಅವುಗಳ ನಡುವಿನ ಕಾಲುವೆಗಳು, ಊರಿನ ಮಧ್ಯೆಯೇ ದೊಡ್ಡದೊಂದು ಕೆರೆ. ತಣ್ಣನೆಯ ಗಾಳಿ ಬೀಸುತ್ತಿತ್ತು. ಆಯಿ ಅಣ್ಣನ ಹಳೆಯ ಕೋಟು ತೊಟ್ಟು ಅವನ ಬೆನ್ನಿಗೇ ನಡೆದಳು. ನಾನು ಫೋಟೋ ತೆಗೆದುಕೊಳ್ಳುತ್ತ ಹಿಂದೆ ಉಳಿಯುತ್ತಿದ್ದೆ. ಊರು ನನಗೆ ಬಹಳ ಹಿಡಿಸಿತು.

ನಗರದ ರೈಲು ಹತ್ತಿದಾಗ ಅರ್ಧಕ್ಕರ್ಧ ಡಬ್ಬಿ ಖಾಲಿಯಿತ್ತು. ಆಯಿ ಬಾಗಿಲ ಹತ್ತಿರವೇ ನಿಂತಳು.

“ಕೂತ್ಕಳೆ ಆಯಿ,” ಅಣ್ಣ ಅಂದ. “ಟಿಕೀಟಿಗೆ ದುಡ್ಡು ಕೊಟ್ಟದ್ದು ನಿಲ್ಲುಕಲ್ಲ.”

“ನಾ ನಿಂತೇ ಬತ್ತೆ.”

“ಕಾಲು ನೋವು ಅಂತ ರಾತ್ರಿ ಮತ್ತೆ ನನ್ನ ಹತ್ರ ಅಳುದಲ್ಲ ಹಾಂ.”

ಆಯಿ ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದಳು. “ಆ ಇಮಾನದಾಗೆ ನಮ್ಮನ್ನ ಪರದೆ ಹಾಕಿ ಕೂರ್ಸಿರು. ನನ್ನ ಮಗ್ಗಲಿಗೆ ಯಾರನ್ನೂ ಕೂರುಕೆ ಬಿಡ್ಲಿಲ್ಲ. ಎರಡೆರಡು ಸಲ ಮಿಂದು ಬಂದಿದ್ದೆ ನಾನು. ಇಲ್ಲೂ ಹಂಗೇ ಆಗುದು ಬ್ಯಾಡ.”

ಅಣ್ಣನಿಗೆ ಮೊದಲು ತಿಳಿಯಲಿಲ್ಲ. ನನ್ನನ್ನು ಕೇಳಿದ. ನಾನು ಎರಡು ಮಾತಿನಲ್ಲಿ ಹೇಳಿದೆ. ಅವನು ಇಡೀ ಡಬ್ಬಿ ತಿರುಗಿ ನೋಡುವ ಹಾಗೆ ನಕ್ಕ.

“ಏ ಆಯಿ, ಅದು ಸಾವ್ಕಾರ್ರ ಜಾಗ! ಮೈ ಚಾಚಿ ಕೂರುಕೆ ಅಂತ ನಡು ಸೀಟು ಬಿಡುದು. ಪರದೆ ಹಾಕುದು ಹಿಂದಿನವ್ರು ಒಳಗೆ ಬರ್ಬಾರ್ದು ಅಂತ. ನೀ ರಾಣಿ ಹಂಗೆ ಬಂದಿದ್ಯೆ, ಗೊತ್ತೇ ಆಗ್ಲಿಲ್ಯಾ?”

ಆಯಿ ನಗಲಿಲ್ಲ. “ಇವಳಿಗೆ ಗೊತ್ತಿತ್ತಾ?”

“ಕಲ್ತವಳಲ್ದಾ? ಗೊತ್ತಿರ್ದೆ ಇರ್ತದಾ?”

“ನಾ ಅಂದ್ಕಂಡೆ, ಇವಳೂ ನನ್ನ ಮಗ್ಗಲು ಬ್ಯಾಡ ಅಂತ ಆಚೆ ಕೂತಳು ಅಂತ.”

ಆ ಸೀಟನ್ನು ನಾನು ಆರಿಸಿದ್ದಲ್ಲ, ಚೀಟಿಯಲ್ಲಿ ಅಚ್ಚಾಗಿ ಬಂದದ್ದು. ಹಾಗೆಂದು ಹೇಳಬಹುದಿತ್ತು. ಆಯಿ ಕೋಟಿನ ತೋಳು ಸರಿಸಿ ಬಲಗೈಯನ್ನು ನನ್ನ ಮುಂದೆ ಚಾಚಿದಳು.

“ನೀನೇ ಹೇಳು. ವಾಸನೆ ಬತ್ತದಾ?”

“ಇಲ್ಲ ಆಯಿ.”

“ನೀ ಮೂಸೇ ನೋಡ್ಲಿಲ್ಲ.”

ಆ ಕೈ ನನ್ನ ಮುಂದೆ ಹಾಗೆಯೇ ಇತ್ತು. ಎದುರಿನ ಸೀಟಿನ ಮುದುಕಿಯೊಬ್ಬಳು ನಮ್ಮನ್ನೇ ನೋಡುತ್ತಿದ್ದಳು. ನಾನು ಬಗ್ಗಲಿಲ್ಲ. ಅಣ್ಣ ನಡುವೆ ಕೈ ಹಾಕಿ ಆಯಿಯ ಅಂಗೈಯನ್ನು ಮೂಗಿಗೆ ಒತ್ತಿ ಹಿಡಿದು ಜೋರಾಗಿ ಉಸಿರೆಳೆದುಕೊಂಡ.

“ಬತ್ತದೆ! ಬಂಗಡೆ ವಾಸನೆ! ಎಷ್ಟು ತಿಂಗಳಾಗಿತ್ತೇ ಮಾರಾಯ್ತಿ, ಈ ವಾಸನೆ ಕಾಣ್ದೆ!”

“ಥೂ, ಬಿಡು ಹುಚ್ಚಾ,” ಎಂದು ಆಯಿ ಅವನ ತಲೆಗೆ ಮೊಟಕಿದಳು. ಆಮೇಲೆ ಕೂತಳು. ಅಣ್ಣ ಅವಳ ಪಕ್ಕ ಕೂತ. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ, ಏನು ಕಂಡೆನೋ ನೆನಪಿಲ್ಲ. ಅಲ್ಲಿದ್ದ ಉಳಿದ ದಿನಗಳಲ್ಲಿ ಆಯಿ ನನ್ನೊಂದಿಗೆ ಎಂದಿನಂತೆಯೇ ಮಾತಾಡಿದಳು. ಆ ಸುದ್ದಿ ಎತ್ತಲೇ ಇಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಊರಿಗೆ ಮರಳಿದ ದಿನ ಸಂಜೆ ನೆರೆಯ ಹೆಂಗಸರು ನಮ್ಮ ಅಂಗಳದಲ್ಲಿ ಸೇರಿದರು. ಆಯಿಗೆ ಮೈಯೆಲ್ಲ ಹುರುಪು. ಕೆಂಪು ಗೋದಾಮು, ಕೆರೆ, ಅಣ್ಣನ ಹಡಗು ಎಲ್ಲ ಹೇಳಿ ಮುಗಿಸಿ ವಿಮಾನಕ್ಕೆ ಬಂದಳು. “ನಮ್ಗೆ ಸಾವ್ಕಾರ್ರ ಜಾಗ ಕೊಟ್ಟಿರು. ಬಿಳಿ ವಸ್ತ್ರ ಹಾಸಿ ತಿಂಡಿ. ನಮ್ಮ ಹಿಂದೆ ಪರದೆ. ಬ್ಯಾರೆಯವ್ರು ಇಣುಕುಕೂ ಇಲ್ಲ.”

“ತಿಂಡಿ ರುಚಿ ಇತ್ತೇ?” ಯಾರೋ ಕೇಳಿದರು.

“ಬಾಳ ರುಚಿ ಇತ್ತು,” ಅಂದಳು ಆಯಿ, ಒಂದು ತುತ್ತೂ ತಿನ್ನದವಳು.

ಪಕ್ಕದ ಮನೆಯವಳು ಅವಳ ಜೊತೆಗೇ ಮೀನು ಮಾರುವವಳು, ಕೆಣಕದೆ ಇರುವವಳಲ್ಲ. “ಅಷ್ಟು ದೊಡ್ಡೋರ ನಡುವೆ ನಿನ್ನ ಮೀನಬುಟ್ಟಿ ಎಲ್ಲಿ ಇಟ್ಕಂಡಿದ್ಯೇ?”

“ಅದ್ಕೇ ಅಲ್ದನೇ ನಡುವೆ ಒಂದು ಖುರ್ಚಿ ಖಾಲಿ ಬಿಟ್ಟಿದ್ದು!”

ಅಂಗಳವೆಲ್ಲ ನಕ್ಕಿತು. ಆಯಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಹೌದಾ ಎಂದು ಹೆಂಗಸರು ನನ್ನತ್ತ ತಿರುಗಿದರು. ಆಯಿಯೂ ಕಣ್ಣೊರೆಸಿಕೊಳ್ಳುತ್ತ ನನ್ನನ್ನು ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ.