ಎರಡು ದಿನ ನೆನೆಯಬೇಕಿದ್ದ ಪಿಸ್ಟನ್ನುಗಳು

ಡೀಸೆಲ್ ತುಂಬಿದ ಡಬ್ಬಿಯಲ್ಲಿ ಮೂರು ಪಿಸ್ಟನ್ನುಗಳನ್ನು ಮುಳುಗಿಸಿ, ಮೇಲೊಂದು ಗೋಣಿಚೀಲ ಹೊದಿಸಿ, ಕೈ ಒರೆಸಿಕೊಳ್ಳುತ್ತ ಮಿಸ್ತ್ರಿ "ಇನ್ನ ಎರಡ ದಿನ ಇದರ ಕಡೆ ನೋಡೂದ ಬ್ಯಾಡ್ರಿ" ಅಂದಾಗ ನನಗೆ ಮೈಯೆಲ್ಲ ಉರಿಯಿತು. ಎರಡು ದಿನವಂತೆ! ಅತ್ತ ತಿಕೋಟಾದಲ್ಲಿ ಅಣ್ಣನ ದ್ರಾಕ್ಷಿ ತೋಟ ಹೂವಿಗೆ ಬಂದು ನಿಂತಿತ್ತು. ಹಿಂದಿನ ದಿನವಷ್ಟೇ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಡಿದು ಹೋಗಿತ್ತು. ಬೇಗನೆ ಔಷಧ ಹೊಡೆಯದಿದ್ದರೆ ಡೌನಿ ಎಂಬ ಬೂಜುರೋಗ ನೇರ ಗೊಂಚಲಿಗೇ ಹತ್ತುತ್ತದೆ. ಔಷಧದ ಯಂತ್ರವನ್ನು ಎಳೆಯಬೇಕಾದ ಸಣ್ಣ ಟ್ರ್ಯಾಕ್ಟರ್ ಮಾತ್ರ ಇಲ್ಲಿ, ವಿಜಯಪುರದ ಸೊಲ್ಲಾಪುರ ರಸ್ತೆಯ ಗ್ಯಾರೇಜಿನಲ್ಲಿ, ಇಂಜಿನ್ ಬಿಚ್ಚಿಸಿಕೊಂಡು ನಿಂತಿತ್ತು.

ಆ ಟ್ರ್ಯಾಕ್ಟರ್ ನನ್ನ ಕೊರಳಿಗೆ ಬಂದದ್ದು ಹೀಗೆ. ಅಣ್ಣ ಬೈಕಿನಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಂಚ ಹಿಡಿದಿದ್ದ. ನಾನು ವಿಜಯಪುರದಲ್ಲಿ ಮನೆ ಮಾಡಿಕೊಂಡು, ಬಬಲೇಶ್ವರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ತೋಟದಲ್ಲಿ ನನ್ನ ಮಾತು ಯಾವತ್ತೂ ನಡೆದದ್ದಿಲ್ಲ. ಏನು ಹೇಳಿದರೂ "ನೀ ಸುಮ್ನಿರ ಬೇ, ನಿನ್ನ ಅವಸರಕ್ಕ ಬಳ್ಳಿ ಹಣ್ಣ ಬಿಡೂದಿಲ್ಲ" ಎಂದು ಅಣ್ಣ ನಗುತ್ತಿದ್ದ. ಅದು ನನಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಅಂಥವನು ಈ ಸಲ ಮಂಚದ ಮೇಲಿಂದ, "ಎಲ್ಲಾ ನೀನ ನೋಡ್ಕೋ. ನಿನ್ನ ಮ್ಯಾಲ ಬಿಟ್ಟೇನಿ" ಅಂದಿದ್ದ. ನಲವತ್ತು ದಾಟಿದ ಮೇಲೆ ಸಿಕ್ಕ ಮಾತು ಅದು. ಹಿಗ್ಗಿ ಹೀರೇಕಾಯಿಯಾಗಿದ್ದೆ. ಅದನ್ನು ಹೇಗಾದರೂ ಉಳಿಸಿಕೊಳ್ಳಬೇಕಿತ್ತು.

ಟ್ರ್ಯಾಕ್ಟರ್ ಬುಸುಬುಸು ಹೊಗೆ ಬಿಡುತ್ತಿತ್ತು, ಎಣ್ಣೆ ಕುಡಿಯುತ್ತಿತ್ತು. ಮಿಸ್ತ್ರಿ ಬಿಚ್ಚಿ ನೋಡಿದ. ಅರವತ್ತರ ಹತ್ತಿರದ ಮನುಷ್ಯ, ನಮ್ಮ ಅಪ್ಪನ ಕಾಲದಿಂದ ನಮ್ಮ ಮನೆಯ ಗಾಡಿಗಳನ್ನೆಲ್ಲ ನೋಡಿಕೊಂಡು ಬಂದವನು. ಪಿಸ್ಟನ್ನಿನ ನೆತ್ತಿಯ ಮೇಲೆ ಕಾರ್ಬನ್ ಕರಕಲು ರೊಟ್ಟಿಯ ಹಾಗೆ ಕಟ್ಟಿತ್ತು. ರಿಂಗು ಕೂರುವ ತೋಡುಗಳಲ್ಲೂ ಅದೇ ತುಂಬಿ ರಿಂಗುಗಳು ಅಲ್ಲಾಡದೆ ಕಚ್ಚಿಕೊಂಡಿದ್ದವು. ಪಿಸ್ಟನ್ನು ಮಾತ್ರ ಗಟ್ಟಿ ಇವೆ, ಕಾರ್ಬನ್ ತೆಗೆದು ಹೊಸ ರಿಂಗು ಹಾಕಿದರೆ ಇನ್ನೂ ಐದಾರು ವರ್ಷ ಚಿಂತೆಯಿಲ್ಲ ಎಂದು ಅಣ್ಣನಿಗೂ ಫೋನಿನಲ್ಲಿ ಹೇಳಿದ. ಅವನ ಪದ್ಧತಿ ಎಂದರೆ ಎರಡು ದಿನ ಡೀಸೆಲ್ಲಿನಲ್ಲಿ ನೆನೆಹಾಕುವುದು, ಆಮೇಲೆ ಬಿದಿರಿನ ಚಕ್ಕೆಯಿಂದ ಮೆಲ್ಲಗೆ ಕೆರೆಯುವುದು, ತೋಡಿನೊಳಗಿನದನ್ನು ಹಳೆಯ ರಿಂಗಿನ ತುಂಡಿನಿಂದ ಎಬ್ಬಿಸುವುದು. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಚಾಕು ಉಳಿ ಹಾಕಿದರೆ ಗೀರು ಬೀಳುತ್ತದೆ. ಇದನ್ನೆಲ್ಲ ಅವನು ನನಗೆ ಹೇಳುವಾಗ ನಾನು ಗಡಿಯಾರ ನೋಡುತ್ತಿದ್ದೆ.

ಆ ಸಂಜೆ ಮನೆಯಲ್ಲಿ ಒಂದು ಕಡೆ ಕೂತವಳಲ್ಲ. ಮೊಬೈಲಿನಲ್ಲಿ ಹವಾಮಾನ ನೋಡುವುದು, ಮಾಳಿಗೆ ಹತ್ತಿ ಗೋಳಗುಮ್ಮಟದ ಆಚೆಗಿನ ಮೋಡ ನೋಡುವುದು, ಇಳಿದು ಬಂದು ಮತ್ತೆ ಮೊಬೈಲ್ ನೋಡುವುದು. ಬೆಳಿಗ್ಗೆ ಭಾನುವಾರ. ಗ್ಯಾರೇಜಿನ ಬಾಗಿಲು ತೆರೆಯುವ ಹೊತ್ತಿಗೆ ನಾನು ಅಲ್ಲಿದ್ದೆ. ಪಿಸ್ಟನ್ನುಗಳನ್ನು ಕೊಡಿರಿ, ಅರ್ಧ ದಿನದಲ್ಲಿ ಸ್ವಚ್ಛ ಮಾಡಿ ತರುತ್ತೇನೆ, ಇಪ್ಪತ್ತು ವರ್ಷ ಇದನ್ನೇ ಕಲಿಸಿದವಳು ನಾನು ಅಂದೆ. ಮಿಸ್ತ್ರಿ ಬಹಳ ಹೊತ್ತು ಒಲ್ಲೆ ಅಂದ. ಕೊನೆಗೆ ನನ್ನ ಬಾಯಿಗೆ ಹೆದರಿಯೋ ಬೇಸತ್ತೋ, ಹಳೆಯ ಟವೆಲ್ಲಿನಲ್ಲಿ ಮೂರನ್ನೂ ಸುತ್ತಿ ಕೊಟ್ಟ. "ಅವಸರ ಮಾಡಬ್ಯಾಡ್ರಿ ಮೇಡಮ್ಮಾರ. ಇದು ಹೋದ್ರ ತಿರಗಿ ಬರೂದಿಲ್ಲ" ಅಂದ. ನಾನು ಸ್ಕೂಟರಿನ ಡಿಕ್ಕಿಗೆ ಹಾಕಿಕೊಂಡು ತಿಕೋಟಾದ ಹಾದಿ ಹಿಡಿದೆ.

ನನ್ನ ತಲೆಯಲ್ಲಿದ್ದದ್ದು ತೋಟದ ಶೆಡ್ಡಿನಲ್ಲಿ ಉಳಿದಿದ್ದ ಪುಡಿ. ಒಣದ್ರಾಕ್ಷಿ ಮಾಡುವಾಗ ನಮ್ಮ ಕಡೆ ಹಣ್ಣನ್ನು ಮೊದಲು ಒಂದು ದ್ರಾವಣದಲ್ಲಿ ಅದ್ದುತ್ತಾರೆ. ಸಿಪ್ಪೆಯ ಮೇಲಿನ ಮೇಣ ಹೋಗಿ ಹಣ್ಣು ಬೇಗ ಒಣಗಲಿ ಎಂದು. ಆ ದ್ರಾವಣಕ್ಕೆ ಹಾಕುವ ಪುಡಿ ಪೊಟ್ಯಾಶಿಯಂ ಕಾರ್ಬೊನೇಟ್. ಮೇಣ ಬಿಡಿಸುವುದು ಜಿಡ್ಡನ್ನೂ ಬಿಡಿಸುತ್ತದೆ, ಜಿಡ್ಡು ಸಡಿಲಾದರೆ ಕಾರ್ಬನ್ ತಾನೇ ಉದುರುತ್ತದೆ ಎಂದು ಲೆಕ್ಕ ಹಾಕಿದ್ದೆ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ತಿನ್ನುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಇದು ಕಾಸ್ಟಿಕ್ ಅಲ್ಲವಲ್ಲ, ಸೌಮ್ಯವಾದದ್ದು, ಹಣ್ಣಿಗೇ ಹಾಕುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಸೌಮ್ಯವಾದದ್ದು ಎಂದು ಹೇಳಿಕೊಂಡೇ ಹಣ್ಣಿಗೆ ಹಾಕುವುದರ ನಾಲ್ಕೈದು ಪಟ್ಟು ಪುಡಿ ಸುರಿದೆ, ಬೇಗ ಆಗಲಿ ಎಂದು ಸ್ಟೀಲ್ ಪಾತ್ರೆಯನ್ನು ಒಲೆಯ ಮೇಲಿಟ್ಟು ಕುದಿಸಿದೆ. ಎಂಥ ಬುದ್ಧಿ ನೋಡಿ!

ಪಿಸ್ಟನ್ನುಗಳನ್ನು ಇಳಿಬಿಟ್ಟಾಗ ಸಣ್ಣಗೆ ಗುಳ್ಳೆ ಎದ್ದವು. ಕಾರ್ಬನ್ ಬಿಡುತ್ತಿದೆ ಎಂದು ಖುಷಿಪಟ್ಟೆ. ಸುಮ್ಮನೆ ನೋಡುತ್ತ ನಿಲ್ಲಲಾಗದೆ ಸಾಲುಗಳ ನಡುವೆ ಹೋಗಿ ಎಲೆ ತಿರುಗಿಸಿ ನೋಡಿದೆ. ಒಂದೆರಡು ಎಲೆಯ ಕೆಳಗೆ ಬಿಳಿ ಬೂಜು ಕಂಡಿತು. ಇನ್ನೆಲ್ಲಿ ಹಬ್ಬಿದೆ ಎಂದು ಈ ಸಾಲು ಆ ಸಾಲು ಓಡಾಡಿದೆ. ತಿರುಗಿ ಬರುವಷ್ಟರಲ್ಲಿ ಮುಕ್ಕಾಲು ತಾಸು ಆಗಿರಬೇಕು. ಪಾತ್ರೆ ಭೋರೆಂದು ನೊರೆಯೆದ್ದು ಉಕ್ಕುತ್ತಿತ್ತು. ಆ ಗುಳ್ಳೆ ಕಾರ್ಬನ್ನಿನದಲ್ಲ, ಹೈಡ್ರೋಜನ್ನಿನದು ಎಂದು ಆಗ ಹೊಳೆಯಿತು. ಅಷ್ಟು ಗಟ್ಟಿಯಾಗಿ ಕುದಿಸಿದರೆ ಈ ಪುಡಿಯೂ ಕಾಸ್ಟಿಕ್ಕಿನ ಕೆಲಸವನ್ನೇ ಮಾಡುತ್ತದೆ, ಲೋಹ ಕರಗುತ್ತಿತ್ತು. ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು, ಪರೀಕ್ಷೆಯಲ್ಲಿ ಕೇಳಿ, ತಪ್ಪು ಬರೆದವರನ್ನು ಬೈಯುತ್ತಿದ್ದ ಸಮೀಕರಣ ಅದು.

ಇಕ್ಕಳದಿಂದ ಎತ್ತಿ ತೊಳೆದೆ. ಕಾರ್ಬನ್ ಅರ್ಧ ಹೋಗಿತ್ತು, ನಿಜ. ಆದರೆ ಪಿಸ್ಟನ್ನು ಪೂರ್ತಿ ಕಪ್ಪಾಗಿ, ಉಜ್ಜಿದರೆ ಕೈಗೆ ಮಸಿ ಹತ್ತುತ್ತಿತ್ತು. ಮೈತುಂಬ ಸಿಡುಬಿನ ಕಲೆಯಂಥ ಕುಳಿಗಳು. ತೋಡುಗಳು ಅಂಚು ಸವೆದು ಅಗಲವಾಗಿದ್ದವು. ಬಿಚ್ಚಿದ್ದ ಹಳೆಯ ರಿಂಗೊಂದು ಟವೆಲ್ಲಿನಲ್ಲೇ ಇತ್ತು, ಅದನ್ನು ಕೂರಿಸಿ ನೋಡಿದರೆ ಲೊಡಲೊಡ ಅಲ್ಲಾಡಿತು. ಶೆಡ್ಡಿನ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ.

ಸಂಜೆ ಅಣ್ಣನ ಮನೆಗೆ ಹೋದೆ. ಹೇಳಬೇಕೆಂದೇ ಹೋದದ್ದು. ಮಂಚದ ಹತ್ತಿರ ಕೂತಾಗ ಬಾಯಿಂದ ಬಂದದ್ದು ಬೇರೆ. ಪಿಸ್ಟನ್ನು ಕೆಟ್ಟಿವೆಯಂತೆ, ಹೊಸವು ಸೊಲ್ಲಾಪುರದಿಂದ ಬರಬೇಕು ಎಂದೆ. ಯಾರು ಕೆಡಿಸಿದರು ಎಂದು ಹೇಳಲಿಲ್ಲ, ಟವೆಲ್ ಬಿಚ್ಚಿ ತೋರಿಸಿದೆನಷ್ಟೆ. ಅಣ್ಣ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ನಿನ್ನೆ ತಾನೆ ಗಟ್ಟಿ ಇವೆ ಅಂದವನು ಇವತ್ತು ಇದೇನು ಮಾಡಿ ಕೊಟ್ಟಿದ್ದಾನೆ ಎಂದು ಮಿಸ್ತ್ರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ. ಯಾವತ್ತೂ "ರೀ" ಬಿಟ್ಟು ಮಾತಾಡದವನು ಅವತ್ತು ಏಕವಚನಕ್ಕೆ ಇಳಿದ. ವಯಸ್ಸಾತು, ಕಣ್ಣು ಕಾಣಾಕತ್ತಿಲ್ಲ ಅಂದ್ರ ಅಂಗಡಿ ಮುಚ್ಚು ಅಂದ, ನಮ್ಮ ಅಪ್ಪನ ಹೆಸರು ಎತ್ತಿದ, ಕಳ್ಳ ಅನ್ನುವವರೆಗೂ ಹೋದ. ನಾನು ಪಕ್ಕದಲ್ಲೇ ಕೂತಿದ್ದೆ.

ಅಣ್ಣ ಬೈದು ಮುಗಿಸಿದ ಮೇಲೆ ಮಿಸ್ತ್ರಿ ಕೇಳಿದ:

"ಮೇಡಮ್ಮಾರ ಅಲ್ಲೇ ಅದಾರೇನ್ರಿ?"

"ಅದಾಳ. ಯಾಕ?"

"ಹಂಗಾರ ಅವರನ್ನ ಒಂದ ಮಾತ ಕೇಳ್ರಿ. ಆಮ್ಯಾಗ ಬೇಕಾದಷ್ಟ ಬೈರಿ."

ಅಣ್ಣ ನನ್ನ ಕಡೆ ತಿರುಗಿದ. ನನ್ನ ಮುಖ ನೋಡಿದ ಮೇಲೆ ಕೇಳುವುದೇನೂ ಉಳಿದಿರಲಿಲ್ಲ, ಆದರೂ ನಾನು ಎಲ್ಲವನ್ನೂ ಹೇಳಿದೆ. ಅವನು ನನ್ನೆದುರಿಗೇ ಮಿಸ್ತ್ರಿಗೆ ತಪ್ಪಾಯಿತು ಅಂದ. ಎರಡು ಸಲ ಅಂದ. ನಾನು ಫೋನ್ ಇಸಿದುಕೊಂಡು ಏನೇನೋ ತೊದಲಿದೆ. ಆಗಲಿ ಬಿಡಿ, ನಾಳೆಯೇ ಸೊಲ್ಲಾಪುರಕ್ಕೆ ಹೇಳಿ ಕಳಿಸುತ್ತೇನೆ ಎಂದಷ್ಟೇ ಮಿಸ್ತ್ರಿ ಅಂದ.

ಮರುದಿನ ಕಾಲೇಜಿಗೆ ರಜೆ ಹಾಕಿ, ಕೂಲಿಯವರ ಜೊತೆ ನಾನೂ ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧ ಹೊಡೆದೆ. ಊರವರ ಯಂತ್ರಗಳನ್ನು ಕೇಳೋಣವೆಂದರೆ ಎಲ್ಲರ ತೋಟದಲ್ಲೂ ಅದೇ ಆತುರ. ಹೆಗಲು ಹರಿದು ಹೋಗುವಷ್ಟು ನಡೆದರೂ ದಿನಕ್ಕೆ ಕೆಲವೇ ಸಾಲು ಮುಗಿಯುತ್ತಿದ್ದವು. ನಾಲ್ಕನೆಯ ದಿನ ಹೊಸ ಪಿಸ್ಟನ್ನು ಬಂದು ಟ್ರ್ಯಾಕ್ಟರ್ ತೋಟಕ್ಕಿಳಿಯುವ ಹೊತ್ತಿಗೆ ಕೆಳಗಿನ ಅರ್ಧ ತೋಟದ ಗೊಂಚಲುಗಳು ಕಂದಿ ಉದುರುತ್ತಿದ್ದವು. ಡೀಸೆಲ್ಲಿನಲ್ಲೇ ಬಿಟ್ಟಿದ್ದರೆ ಹಳೆಯ ಪಿಸ್ಟನ್ನುಗಳೇ ಎರಡು ದಿನ ಮೊದಲು ಓಡುತ್ತಿದ್ದವು.

ಉದುರಿದ ಗೊಂಚಲಿಗಾಗಿ ಅಣ್ಣ ಒಂದು ಮಾತೂ ಅನ್ನಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ಪ್ಲಾಸ್ಟರ್ ಬಿಚ್ಚಿಸಿದ ದಿನ ನಾನೇ ಕೆದಕಿದೆ, ಬೈಯುವುದಿದ್ದರೆ ಬೈದುಬಿಡು, ಅರ್ಧ ತೋಟ ಹಾಳು ಮಾಡಿದ್ದೇನೆ ಅಂದೆ.

"ತ್ವಾಟ ಹೋತು, ಮುಂದಿನ ವರ್ಷ ಬರ್ತದ. ನಾ ಆ ಹಿರೀ ಮನಷ್ಯಾಗ ಕಳ್ಳ ಅನ್ನೂಮುಂದ ನೀ ಬಾಜೂಕ ಕುಂತಿದ್ದಿಯಲ್ಲ ಬೇ" ಅಂದ. ಕೋಲೂರಿಕೊಂಡು ಎದ್ದು ಹೊರಗೆ ಹೋದ.

ಈಗಲೂ ವಾರಕ್ಕೊಮ್ಮೆ ತೋಟಕ್ಕೆ ಹೋಗುತ್ತೇನೆ. ಅಣ್ಣ ನಗುತ್ತಾನೆ, ಊಟಕ್ಕೆ ಕರೆಯುತ್ತಾನೆ, ಮೊದಲಿನ ಹಾಗೆಯೇ ಚೇಷ್ಟೆ ಮಾಡುತ್ತಾನೆ. ಕೆಳಗಿನ ಸಾಲಿಗೆ ನೀರು ಬಿಟ್ಟು ಬಂದೆ ಎಂದು ಹೇಳಿದರೆ ಹೂಂ ಅನ್ನುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ, ನನಗೆ ಕಾಣದ ಹಾಗೆ, ಯಾರನ್ನಾದರೂ ಕರೆದು ನೋಡಿಕೊಂಡು ಬರಲು ಕಳಿಸುತ್ತಾನೆ.