ಬುಧವಾರದ ಪಾಳಿ

ನಮ್ಮ ಚರ್ಚಿನ ಭಾನುವಾರದ ಸಭೆಯಲ್ಲಿ ಪಾದ್ರಿಗಳ ಪ್ರಸಂಗ ಇಪ್ಪತ್ತು ನಿಮಿಷ, ಪ್ರಕಟಣೆ ಇಪ್ಪತ್ತೈದು ನಿಮಿಷ. ಪ್ರಸಂಗದ ಹೊತ್ತಿಗೆ ತೂಕಡಿಸುವವರು ಪ್ರಕಟಣೆ ಶುರುವಾದ ಕೂಡಲೇ ಕಣ್ಣು ಬಿಟ್ಟು ನೆಟ್ಟಗೆ ಕೂರುತ್ತಾರೆ. ಈ ವಾರ ಯಾರ ಮನೆಯಲ್ಲಿ ಏನು, ಊಟವೋ ಬರೀ ಚಹಾವೋ ಎಂಬುದು ಗೊತ್ತಾಗುವುದು ಆಗಲೇ. ಅದನ್ನು ಓದುವವನು ನಾನು. ಪ್ರಾಥಮಿಕ ಶಾಲೆಯ ಮಾಸ್ತರನಾಗಿ ನಿವೃತ್ತನಾದವನು. ಅಕ್ಷರ ದುಂಡಗಿದೆ, ಗಂಟಲು ದೊಡ್ಡದಿದೆ ಎಂಬ ಎರಡೇ ಕಾರಣಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದರು. ಭಕ್ತಿಯ ವಿಚಾರ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಊರಿನ ಹೆಸರು ಬರೆಯುವುದಿಲ್ಲ. ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಿಂದ ಆಟೋ ಹತ್ತಿದರೆ, ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬರದಿದ್ದರೆ, ಅರ್ಧ ಗಂಟೆಯೊಳಗೆ ಬರುತ್ತದೆ, ಅಷ್ಟು ಸಾಕು. ಅಜ್ಜಂದಿರ ಕಾಲದ ಒಂದು ಮೆಥೋಡಿಸ್ಟ್ ದೇವಾಲಯ, ಅದರ ಸುತ್ತ ನಮ್ಮ ಮನೆಗಳು. ಅಜ್ಜಂದಿರು ಹೊಲದಲ್ಲಿ ಕೂಲಿ ಮಾಡಿದವರು. ನಾವು ಶಾಲೆ, ಕೋರ್ಟು, ಆಸ್ಪತ್ರೆ ಎಂದು ಪಗಾರದ ಕೆಲಸ ಹಿಡಿದವರು. ಪಗಾರ ಬಂದ ಮೇಲೆ ನಮ್ಮಲ್ಲಿ ದೇವರು ಬೆಳೆದನೋ ಇಲ್ಲವೋ ಹೇಳಲಾರೆ, ಸಮಿತಿಗಳಂತೂ ಬೆಳೆದವು.

ಪ್ರತಿ ಬುಧವಾರ ಸಂಜೆ ಆರಕ್ಕೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ. ಯಾರ ಮನೆ ಎಂಬುದಕ್ಕೆ ಪಾಳಿ. ನನ್ನ ತಾಯಿಯ ಕಾಲದಲ್ಲಿ ಅದು ಸರಳವಾಗಿತ್ತು: ಒಂದು ಹಾಡು, ಒಂದು ಓದು, ಒಂದು ಪ್ರಾರ್ಥನೆ, ಅರ್ಧ ಕಪ್ಪು ಚಹಾ. ಆಮೇಲೆ ಯಾರೋ ಚಹಾದ ಜೊತೆ ಚುರುಮುರಿ ಕೊಟ್ಟರು. ಮುಂದಿನ ವಾರದವರು ಮಿರ್ಚಿ ಭಜಿ ಸೇರಿಸಿದರು. ಅದರ ಮುಂದಿನವರು ಶಿರಾ ಮಾಡಿಸಿದರು. ಈಗ ಜಮಖಂಡಿಯಿಂದ ಅಡುಗೆಯವರು ಬರುತ್ತಾರೆ, ಕುರ್ಚಿಗಳು ಟೆಂಪೋದಲ್ಲಿ ಬಂದಿಳಿಯುತ್ತವೆ, ಪ್ರಾರ್ಥನೆ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಮೂಗಿಗಿಂತ ಮೂಗುತಿ ಭಾರ. ಇದರಿಂದ ಆದದ್ದಿಷ್ಟೇ: ಭಜಿ, ಶಿರಾ ಮಾಡಿಸಲಾಗದವರು ಪಾಳಿ ಕೇಳುವುದನ್ನೇ ಬಿಟ್ಟರು.

ಇದಕ್ಕೊಂದು ಕಟ್ಟಳೆ ಬೇರೆ. ಹಿಂದೊಮ್ಮೆ ಎರಡು ಮನೆಯವರು ಒಂದೇ ಸಂಜೆ ಸಭಾಪಾಲಕರನ್ನು, ಅಂದರೆ ನಮ್ಮ ಪಾದ್ರಿಗಳನ್ನು, ಕರೆದು, ಅವರು ಒಂದು ಮನೆಗೆ ಹೋಗಿ ಇನ್ನೊಂದನ್ನು ಬಿಟ್ಟು, ಆ ಎರಡು ಮನೆಯವರು ಇಡೀ ಕ್ರಿಸ್‌ಮಸ್ ಮುಖ ತಿರುಗಿಸಿಕೊಂಡು ಕೂತರು. ಅಂದಿನಿಂದ, ಪ್ರಕಟಣೆಯ ಪುಸ್ತಕದಲ್ಲಿ ಬರೆದು ಭಾನುವಾರ ಗಟ್ಟಿಯಾಗಿ ಓದದ ಮನೆಗೆ ಪ್ರಾರ್ಥನೆಗೆಂದು ಯಾರೂ ಹೋಗುವಂತಿಲ್ಲ, ಸಭಾಪಾಲಕರೂ ಹೋಗುವಂತಿಲ್ಲ. ಆ ಪುಸ್ತಕ ನನ್ನ ಕೈಯಲ್ಲಿದೆ. ಹನ್ನೊಂದು ವರ್ಷದಲ್ಲಿ ಅದರಲ್ಲಿ ಒಂದು ಅಕ್ಷರ ಹೊಡೆದು ಹಾಕಿದವನಲ್ಲ ನಾನು. ಈ ಜಂಬವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ನಮ್ಮ ದೇವಾಲಯದ ಕಸ ಹೊಡೆಯುವವಳು ಒಬ್ಬ ವಿಧವೆ. ನನಗಿಂತ ಐದಾರು ವರ್ಷ ದೊಡ್ಡವಳು, ನಾನು ಅಕ್ಕ ಎನ್ನುತ್ತೇನೆ. ಶನಿವಾರ ಬಾಗಿಲು ತೆಗೆದು ಪಾರಿವಾಳದ ಹಿಕ್ಕೆ ಕೆರೆದು, ನೆಲ ಒರೆಸಿ, ಭಾನುವಾರ ಜಮಖಾನೆ ಹಾಸಿ ಗಂಟೆ ಬಾರಿಸುವುದು ಅವಳ ಕೆಲಸ. ಅವಳಿಗಿಂತ ಮೊದಲು ಅವಳ ಅತ್ತೆ ಮಾಡುತ್ತಿದ್ದಳು. ಇದಕ್ಕೆ ನಾವು ಸೇವೆ ಎನ್ನುತ್ತೇವೆ. ಸೇವೆ ಎಂದರೆ ನಮ್ಮಲ್ಲಿ ಬೇರೆಯವರು ಮಾಡುವ ಕೆಲಸ.

ಅವಳ ಮನೆ ಹಳ್ಳದ ಆಚೆಗಿನ ಓಣಿಯಲ್ಲಿ. ತಗಡಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ಇದ್ದವಳಿಗೆ ಕಡೆಗೂ ಸರಕಾರದ ಮನೆ ಮಂಜೂರಾಯಿತು. ಮನೆ ಕಟ್ಟಿ ನೋಡು ಎಂದು ಸುಮ್ಮನೆ ಹೇಳಿಲ್ಲ. ಇಟ್ಟಿಗೆ ತಾನೇ ಹೊತ್ತಳು, ಗೋಡೆಗೆ ನೀರು ತಾನೇ ಹೊಡೆದಳು. ಬೇಸಿಗೆ ಮುಗಿಯುವಷ್ಟರಲ್ಲಿ ಎರಡು ಖೋಲಿ ಎದ್ದು ನಿಂತವು. ಸುಣ್ಣವೂ ಆಯಿತು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಜಮಖಾನೆ ಸುತ್ತುತ್ತಾ ಕೇಳಿದಳು.

"ಮಾಸ್ತರ, ನಮ್ಮ ಮನಿ ಪಾಳಿ ಹಚ್ಚರಿ. ಪ್ರಾರ್ಥನಿ ಆಗೂತನಕಾ ನಾ ಒಳಗ ಒಲಿ ಹೊತ್ತಸೂದಿಲ್ಲ."

"ಮುಂದಿನ ವಾರ ನೋಡೂಣಕ್ಕ" ಎಂದೆ.

ಮುಂದಿನ ವಾರ ಮಹಿಳಾ ಸಂಘದವರ ಸಭೆ ಬಂತು. ಅದರ ಮುಂದಿನ ವಾರ ಯುವಕರ ಹಾಡಿನ ಸ್ಪರ್ಧೆ. ಸಭಾಪಾಲಕರು ಹುಡುಗು ಮನುಷ್ಯ. ಮುಧೋಳ, ಬೀಳಗಿ, ಬನಹಟ್ಟಿ ಎಂದು ಬೈಕ್ ಮೇಲೆ ನಾಲ್ಕು ಕಡೆ ಸಭೆ ನೋಡಿಕೊಳ್ಳುವವರು. ಹೊಸ ಮನೆಯ ಪ್ರಾರ್ಥನೆಗೆ ಅವರೇ ಬೇಕು, ನಮ್ಮ ಪಾಲಿಗೆ ಸಿಗುವುದು ತಿಂಗಳಿಗೆ ಎರಡು ಬುಧವಾರ. ಆ ಎರಡನ್ನೂ ಭಜಿ-ಶಿರಾದವರು ಮೊದಲೇ ಹಿಡಿದುಕೊಳ್ಳುತ್ತಿದ್ದರು. ಒಬ್ಬಾಕೆ ನನ್ನ ಕಿವಿಯಲ್ಲಿ, "ಆ ಹಳ್ಳದ ರಾಡ್ಯಾಗ ರೇಶಿಮಿ ಸೀರಿ ಉಟಗೊಂಡು ಹೆಂಗ ಹೋಗೂದ್ರಿ?" ಎಂದಳು. ಪ್ರಾರ್ಥನೆಗೆ ರೇಷ್ಮೆ ಸೀರೆ ಯಾಕೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ.

ಮಳೆ ಶುರುವಾಯಿತು. ಸುಣ್ಣ ಬಳಿದ ಹೊಸ ಮನೆಗೆ ಬೀಗ, ಪಕ್ಕದಲ್ಲಿ ಸೋರುವ ಶೆಡ್ಡಿನಲ್ಲಿ ಅವಳು. ಓಣಿಯವರು ಒಳಗೆ ಹೋಗು ಎಂದರೂ ಕೇಳಲಿಲ್ಲ. ಸೆರಗಿನ ತುದಿಯ ಗಂಟಿನಲ್ಲಿ ಎರಡು ಕೀಲಿ: ಒಂದು ದೇವಾಲಯದ್ದು, ಒಂದು ಆ ಮನೆಯದ್ದು. ಒಂದನ್ನು ವಾರಕ್ಕೆ ಎರಡು ಸಲ ತಿರುಗಿಸುತ್ತಿದ್ದಳು, ಇನ್ನೊಂದನ್ನು ತಿರುಗಿಸಲು ನನ್ನ ಪುಸ್ತಕದ ಅಪ್ಪಣೆ ಬೇಕಿತ್ತು. ಕೆಮ್ಮುತ್ತ ಕೆಮ್ಮುತ್ತ ಗಂಟೆ ಬಾರಿಸಿದ ಒಂದು ಭಾನುವಾರ ನನಗೆ ನಾಚಿಕೆಯಾಗಿ, ಮಳೆಗಾಲ ಮುಗಿಯುವ ಹೊತ್ತಿನ ಒಂದು ಬುಧವಾರಕ್ಕೆ ಅವಳ ಮನೆ ಎಂದು ಬರೆದುಬಿಟ್ಟೆ. ದುಂಡಗೆ, ಸಾಲು ಬಾಗದಂತೆ.

ಬರೆದ ಮೂರನೆಯ ದಿನ ಶಿರಸ್ತೇದಾರರು ಬಂದರು. ಜಮಖಂಡಿ ಕೋರ್ಟಿನಿಂದ ನಿವೃತ್ತರಾದ ಇವರು ನಮ್ಮ ಸಮಿತಿಯ ಹಿರಿಯರು; ಇವತ್ತಿಗೂ ಎದುರಿಗಿದ್ದವನನ್ನು ಕಕ್ಷಿದಾರನನ್ನು ನೋಡುವ ಹಾಗೆಯೇ ನೋಡುತ್ತಾರೆ. ಸಭಾಪಾಲಕರಿಗೆಲ್ಲ ಮೇಲಿನವರಾದ ಜಿಲ್ಲಾ ಮೇಲ್ವಿಚಾರಕರು ಬೆಳೆ ಹಬ್ಬದ ಭಾನುವಾರ ನಮ್ಮ ಸಭೆಗೆ ಬರುವುದು ಖಾತ್ರಿಯಾಗಿತ್ತು. ಅದರ ತಯಾರಿಗೆ ಸಭೆ ಸೇರಬೇಕು, ಅದೂ ಆ ಬುಧವಾರವೇ.

"ಅವತ್ತ ಅಕ್ಕನ ಮನಿ ಪ್ರಾರ್ಥನಿ ಐತಲ್ರಿ" ಎಂದೆ.

"ಪ್ರಾರ್ಥನಿ ಏನ ಓಡಿ ಹೊಕ್ಕೈತೇನು? ಮುಂದ ಹಾಕ್ರಿ. ಎಲ್ಲಾರೂ ಬರಬೇಕಂತ ಬರೀರಿ."

ಮುಂದೆ ಹಾಕಬೇಕೆಂದರೆ ಮೊದಲು ಬರೆದದ್ದನ್ನು ಹೊಡೆದು ಹಾಕಬೇಕು. ಶನಿವಾರ ಪೆನ್ನು ಹಿಡಿದು ಆ ಪುಟ ನೋಡಿದೆ. ಅಷ್ಟು ಚೆಂದದ ಪುಟ. ಅಡ್ಡಗೀಟು ಎಳೆಯಲು ಕೈ ಬರಲಿಲ್ಲ. ಕೆಳಗೆ ಇನ್ನೊಂದು ಸಾಲು ಬರೆದೆ. ಭಾನುವಾರ ಎರಡನ್ನೂ ಒಂದೇ ಉಸಿರಿನಲ್ಲಿ ಓದಿದೆ: ಬುಧವಾರ ಸಂಜೆ ಆರಕ್ಕೆ ಅಕ್ಕನ ಹೊಸ ಮನೆಯಲ್ಲಿ ಪ್ರತಿಷ್ಠೆಯ ಪ್ರಾರ್ಥನೆ, ಬುಧವಾರ ಸಂಜೆ ಆರಕ್ಕೆ ದೇವಾಲಯದಲ್ಲಿ ಸ್ವಾಗತ ಸಮಿತಿಯ ಸಭೆ, ಎಲ್ಲರೂ ತಪ್ಪದೆ ಬರತಕ್ಕದ್ದು. ಓದುತ್ತಿರುವಾಗಲೇ ತಪ್ಪು ತಿಳಿದಿತ್ತು. ಅವಳೇ ಅರ್ಥ ಮಾಡಿಕೊಳ್ಳುತ್ತಾಳೆ ಎಂದುಕೊಂಡೆ. ಪಗಾರದವರು ಅರ್ಥ ಮಾಡಿಕೊಂಡರು: ಎರಡರಲ್ಲಿ ಯಾವುದು ದೊಡ್ಡದು ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅವಳು ಮಾತ್ರ ಬಾಗಿಲ ಬಳಿ ಕೂತು ತನ್ನ ಮನೆಯ ಹೆಸರನ್ನಷ್ಟೇ ಕೇಳಿಸಿಕೊಂಡಳು. ದೇವರ ಮನೆಯಲ್ಲಿ ಗಟ್ಟಿಯಾಗಿ ಓದಿದ ಮೇಲೆ ಅದು ಸುಳ್ಳಾಗುತ್ತದೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಬುಧವಾರ ಶಿರಸ್ತೇದಾರರು ತಮ್ಮಲ್ಲಿದ್ದ ಜೋಡಿ ಕೀಲಿಯಿಂದ ದೇವಾಲಯದ ಬಾಗಿಲು ತೆಗೆದರು, ಎಲ್ಲರೂ ಬಂದರು. ಸಭಾಪಾಲಕರೂ ಬಂದರು. ಶಾಲಿನ ಬಣ್ಣದ ಮೇಲೆ ಚರ್ಚೆ ನಡೆಯಿತು. ಮೇಲ್ವಿಚಾರಕರ ಹೆಂಡತಿಗೆ ರಬಕವಿ ಸೀರೆಯೋ ಇಳಕಲ್ಲ ಸೀರೆಯೋ ಎಂದು ಹೆಂಗಸರು ಎರಡು ಪಕ್ಷವಾದರು. ನೆನಪಿನ ಕಾಣಿಕೆಯಾಗಿ ಮುಧೋಳ ನಾಯಿಯ ಚಿತ್ರಕ್ಕೆ ಕಟ್ಟು ಹಾಕಿಸಿ ಕೊಡೋಣ, ನಮ್ಮ ಕಡೆಯ ಹೆಮ್ಮೆ ಅಲ್ಲವೇ ಎಂದು ಒಬ್ಬರು ಸೂಚಿಸಿದರು. ದೇವರ ಸೇವಕರಿಗೆ ನಾಯಿ ಕೊಡುವುದು ಸರಿಯೇ ಎಂದು ಇನ್ನೊಬ್ಬರು ಕೇಳಿದರು. ನಾಯಿಯ ಮೇಲೆ ಕಾಲು ಗಂಟೆ ಹೋಯಿತು. ನಾನು ಅದೆಲ್ಲವನ್ನೂ ದುಂಡಗೆ ಬರೆದುಕೊಳ್ಳುತ್ತಿದ್ದೆ.

ಆಗ ಬಾಗಿಲಲ್ಲಿ ಒಬ್ಬ ರೈತ ಬಂದು ನಿಂತ. ಹಣೆಗೆ ವಿಭೂತಿ, ತಲೆಗೆ ರುಮಾಲು. ಅಕ್ಕನ ಪಕ್ಕದ ಮನೆಯವನು. ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೇ ನಿಂತು ಕೇಳಿದ.

"ಎಷ್ಟೊತ್ತಿಗಿ ಬರತೀರಿ? ಓಣಿ ಮಂದಿ ಎಲ್ಲಾ ಬಂದು ಕುಂತಾರ. ನೀವು ಬಂದ ಮ್ಯಾಲೇ ಬಾಗಲಾ ತಗೀತೀನಂತ ಆ ಹೆಣಮಗಳು ಹೊರಗ ನಿಂತಾಳ."

ಸಭಾಪಾಲಕರು ಕೈಯಲ್ಲಿದ್ದ ಮೊಬೈಲ್ ನೋಡಿದರು. ಶಿರಸ್ತೇದಾರರು ಗಂಟಲು ಸರಿಮಾಡಿಕೊಂಡು, "ಇಲ್ಲಿ ಮಹತ್ವದ ವಿಷಯ ನಡದೈತಿ. ಮುಂದಿನ ವಾರ ಬರತೀವಂತ ಆಕಿಗಿ ಹೇಳ್ರಿ" ಎಂದರು.

ರೈತ ಅವರನ್ನು ಬಿಟ್ಟು ನನ್ನನ್ನು ನೋಡಿದ. "ಆಕಿ ಮನಿ ಹೆಸರ ಓದಿದವರು ನೀವ ಅಂತಲ್ರಿ?"

ನಾನು ಪುಸ್ತಕ ಮುಚ್ಚಿಕೊಂಡು ಅವನ ಹಿಂದೆ ಹೊರಟೆ. ಇದನ್ನು ದೊಡ್ಡ ಗುಣವೆಂದು ಯಾರೂ ತಿಳಿಯಬಾರದು. ಅಲ್ಲಿ ಕೂತಿರಲು ಮುಖ ಇರಲಿಲ್ಲ, ಅಷ್ಟೇ. ಹಳ್ಳ ದಾಟುವಾಗ ಅವನು, "ದೇವರು ವರಾ ಕೊಟ್ರೂ ಪೂಜಾರಿ ಕೊಡವಲ್ಲ ಅನ್ನೂದು ನಮ್ಮ ಕಡೇನ ಅಷ್ಟ ಅಂತ ತಿಳದಿದ್ದೆ" ಎಂದ. ನಾನು ರಾಡಿ ನೋಡಿಕೊಂಡು ನಡೆದೆ.

ಮನೆಯ ಮುಂದೆ ಆ ಓಣಿಯ ಪ್ರತಿ ಮನೆಯ ಜಮಖಾನೆ ಹಾಸಿದ್ದರು. ತುಂಬಿ ಕೂತಿದ್ದವರಲ್ಲಿ ನಮ್ಮ ಸಭೆಯವರು ಒಬ್ಬರೂ ಇಲ್ಲ. ಪಾತೇಲಿಯಲ್ಲಿ ಗೋಧಿ-ಬೆಲ್ಲದ ಮಾದಲಿ, ಪಕ್ಕದಲ್ಲಿ ಕಾಯಿಸಿದ ಹಾಲು. ಅಕ್ಕ ಮಡಿಕೆ ಮುರಿಯದ ಸೀರೆ ಉಟ್ಟು ಬಾಗಿಲ ಬಳಿ ನಿಂತಿದ್ದಳು. ನನ್ನನ್ನು ನೋಡಿ, ನನ್ನ ಬೆನ್ನ ಹಿಂದೆ ನೋಡಿದಳು. ಹಳ್ಳದ ತನಕ ನೋಡಿದಳು.

"ಉಳದಾವರು?"

"ಅಲ್ಲಿ ಮೀಟಿಂಗ್ ಐತಿ. ಬರೂದಿಲ್ಲಕ್ಕ. ತಪ್ಪು ನಂದು. ಎರಡನ್ನೂ ಒಂದ ಹೊತ್ತಿಗಿ ಓದಿದೆ."

ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. "ಹಂಗಾರ ನೀವು ಪ್ರಾರ್ಥನಿ ಮಾಡ್ರಿ" ಎಂದಳು.

ನಾನು ಪುಸ್ತಕ ತೆರೆದೆ. ಅದರಲ್ಲಿ ಪ್ರಾರ್ಥನೆ ಇರಲಿಲ್ಲ. ಬರೆದದ್ದನ್ನು ಓದುವುದು ಬಿಟ್ಟು, ನಾನಾಗಿ ಎಂದೂ ಜನರ ಮುಂದೆ ಪ್ರಾರ್ಥಿಸಿದವನಲ್ಲ. ಓಣಿಯ ಜನ ಕೈ ಜೋಡಿಸಿ ಕಾದರು. ನಾನು ಪುಸ್ತಕವನ್ನು ಮುಚ್ಚಿ ಎದೆಗೆ ಒತ್ತಿಕೊಂಡೆ. ಅವಳೇ ಬಾಗಿಲ ಕಡೆ ತಿರುಗಿ ಕಣ್ಣು ಮುಚ್ಚಿದಳು.

"ಯಪ್ಪಾ, ಮನಿ ಆತು. ಒಳಗ ಬಾ. ನಿನ್ನ ಮಂದಿಗಿ ಪುರಸೊತ್ತಿಲ್ಲಂತ, ಓಣಿ ಮಂದಿ ಬಂದಾರ. ಅವರನ್ನ ಛಲೋ ಇಡು."

ಅಷ್ಟೇ ಪ್ರಾರ್ಥನೆ. ಸೆರಗಿನ ಗಂಟು ಬಿಚ್ಚಿ ಬೀಗ ತೆಗೆದು ಒಳಗೆ ಹೋದಳು, ಓಣಿಯ ಹೆಂಗಸರು ಹಿಂದೆ ಹೋದರು. ಒಲೆ ಹೊತ್ತಿತು. ನನಗೂ ಮಾದಲಿ ಕೊಟ್ಟಳು, ಮೇಲೆ ಹಾಲು ಹಾಕಿ. ತಿಂದು ಮುಗಿಸಿ ಎದ್ದಾಗ ಸೆರಗಿನಲ್ಲಿ ಉಳಿದಿದ್ದ ಇನ್ನೊಂದು ಕೀಲಿಯನ್ನು ನನ್ನ ಕೈಯಲ್ಲಿಟ್ಟಳು.

"ನಮ್ಮ ಮನಿ ಪಾಳಿ ಆತರಿ ಮಾಸ್ತರ. ಇನ್ನ ಗುಡಿ ಕಸಾ ಹೊಡಿಯೂದಕ್ಕೂ ಪಾಳಿ ಹಚ್ಚರಿ, ಮನಿಗೊಬ್ಬರಂಗ."

ಸಮಿತಿಯವರ ಮುಂದೆ ಕೀಲಿ ಇಟ್ಟೆ. ಯಾರೂ ಮುಟ್ಟಲಿಲ್ಲ. ಒಬ್ಬರಿಗೆ ಸೊಂಟ ನೋವು, ಒಬ್ಬರಿಗೆ ಧೂಳು ಆಗದು, ಒಬ್ಬರಿಗೆ ಸೊಸೆಯ ಹೆರಿಗೆ. "ಆಕಿಗಿ ಸಮಾಧಾನ ಮಾಡ್ರಿ, ಒಂದು ಶಾಲು ಹೊಚ್ಚಿದರಾತು" ಎಂದರು ಶಿರಸ್ತೇದಾರರು. ಶನಿವಾರ ನಾನೇ ಕಸಬರಿಗೆ ಹಿಡಿದೆ. ಪಾರಿವಾಳದ ಹಿಕ್ಕೆ ಒಣಗಿದರೆ ಸಿಮೆಂಟಿಗಿಂತ ಗಟ್ಟಿ ಎಂಬುದು ನನ್ನ ವಯಸ್ಸಿಗೆ ಮೊದಲ ಸಲ ಗೊತ್ತಾಯಿತು. ಮರುದಿನ ಮೇಲ್ವಿಚಾರಕರು ವೇದಿಕೆಯ ಮೇಲೆ ದೇವಾಲಯ ಎಷ್ಟು ಚೊಕ್ಕವಾಗಿದೆ ಎಂದು ಹೊಗಳಿದರು. ಶಿರಸ್ತೇದಾರರು ಎದ್ದು ನಿಂತು, ಕೈ ಮುಗಿದು, ಆ ಹೊಗಳಿಕೆಯನ್ನು ಸ್ವೀಕರಿಸಿದರು.

ಈಗ ಬೆಳೆ ಹಬ್ಬ ಮುಗಿದಿದೆ. ಮುಂದೆ ಕ್ರಿಸ್‌ಮಸ್ ಇದೆ, ಹೊಸ ವರ್ಷದ ಆರಾಧನೆ ಇದೆ, ಮಹಿಳೆಯರ ಶಿಬಿರವಿದೆ. ಎಲ್ಲಕ್ಕೂ ಸಮಿತಿಯಿದೆ. ಕಸದ ಪಾಳಿಯನ್ನೂ ಪ್ರತಿ ಭಾನುವಾರ ತಪ್ಪದೆ ಓದುತ್ತೇನೆ; ಹೆಸರು ಕೊಡುವವರಿಲ್ಲ. ಎಲ್ಲರದೂ ಒಂದೇ ಮಾತು, ಮುಂದಿನ ವಾರ. ಆ ಮಾತನ್ನು ಅವರಿಗೆ ಕಲಿಸಿದವನು ನಾನೇ ಇರಬೇಕು. ಆ ಬುಧವಾರದ ಪುಟ ಇವತ್ತಿಗೂ ಚೊಕ್ಕವಾಗಿದೆ, ಎರಡು ಸಾಲು ಒಂದರ ಕೆಳಗೊಂದು.

ಅಕ್ಕ ಭಾನುವಾರ ಬರುವುದನ್ನು ಬಿಟ್ಟಿಲ್ಲ. ಈಗ ಬಾಗಿಲ ಬಳಿ ಕೂರುವುದಿಲ್ಲ, ಮುಂದಿನ ಸಾಲಿಗೇ ಬರುತ್ತಾಳೆ. ಹೋದ ವಾರ ಕೆಮ್ಮಿಲ್ಲದೆ ಹಾಡಿದಳು. ನಾನು ಬೆನ್ನು ಹಿಡಿದುಕೊಂಡು ಪ್ರಕಟಣೆ ಓದಿ ಮುಗಿಸಿ, ಇನ್ನು ಯಾರಾದರೂ ಏನಾದರೂ ಹೇಳುವುದಿದೆಯೇ ಎಂದು ವಾಡಿಕೆಯಂತೆ ಕೇಳಿದೆ. ಅವಳು ಕೂತಲ್ಲಿಂದಲೇ ಪೀಠದ ಪಕ್ಕಕ್ಕೆ ಕೈ ತೋರಿಸಿದಳು.

"ಆ ಮೂಲ್ಯಾಗ ಕಸಾ ಹಂಗ ಉಳದೈತಿ ನೋಡ್ರಿ, ಮಾಸ್ತರ."