ಅತ್ತೆಗೆ ಬರದ ಬಿ.ಪಿ.

ನಮ್ಮ ಮನೆಯಲ್ಲಿ ಬಿ.ಪಿ. ಪಿತ್ರಾರ್ಜಿತ. ಪಾಲು ಕೇಳದಿದ್ದರೂ ಸಿಗುತ್ತದೆ. ಅಪ್ಪ ಅದರಿಂದಲೇ ಲಕ್ವ ಹೊಡೆದು ತೀರಿಕೊಂಡರು. ನಾನು ಮೂರು ಬಗೆಯ ಮಾತ್ರೆ ನುಂಗುತ್ತೇನೆ, ಆದರೂ ಇಳಿಯುವುದಿಲ್ಲ. ಕೋಪ ಬೇರೆ ಮೂಗಿನ ತುದಿಯಲ್ಲೇ ಇದೆ. ಹೋದ ವರ್ಷ, ಮೂವತ್ತು ತುಂಬುವ ಮೊದಲೇ, ಮಗಳಿಗೂ ಶುರುವಾಯಿತು. ಅಂದು ನನಗೆ ಊಟ ಸೇರಲಿಲ್ಲ.

ತಪ್ಪಿಸಿಕೊಂಡವರು ಒಬ್ಬರೇ, ಅಪ್ಪನ ಅಕ್ಕ. ಎಂಬತ್ತು ದಾಟಿದರೂ ಎಳೆ ಬಿದಿರಿನ ಕಳಲೆ ಉಪ್ಪಿನಕಾಯಿ ಇಲ್ಲದೆ ರೊಟ್ಟಿ ಮುರಿಯುವವರಲ್ಲ. ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ತವರಿಗೆ ಅಟ್ಟಿದ್ದರು. ನನ್ನ ಮಗಳನ್ನು ಎತ್ತಿ ಆಡಿಸಿದ್ದು ಈ ಅತ್ತೆಯೇ. ಆದರೂ "ನನ್ನಿಂದ ಯಾರ್ಗೂ ಏನೂ ಬರ್ಲಿಲ್ಲ" ಎಂದು ಆಗಾಗ ಅನ್ನುತ್ತಿದ್ದರು.

ಬಿ.ಪಿ. ಮನೆತನದಲ್ಲಿ ಹೇಗೆ ಇಳಿದು ಬರುತ್ತದೆಂದು ಸಂಶೋಧನೆ ಮಾಡುವ ಡಾಕ್ಟರಮ್ಮ ಒಬ್ಬರು ಮಗಳಿಗೆ ಪರಿಚಯವಾಗಿ, ಶನಿವಾರಸಂತೆ ಊರಿನ ಹತ್ತಿರದ ನಮ್ಮ ಮನೆಗೆ ಬಂದರು. ಎಲ್ಲರ ಬಿ.ಪಿ. ನೋಡಿ ರಕ್ತ ತೆಗೆಯಬೇಕಿತ್ತು. ಅತ್ತೆಯ ಸರದಿ ಬಂತು. "ಸರಿಯಾಗಿದೆ ಅಜ್ಜಿ" ಎಂದು ಡಾಕ್ಟರಮ್ಮ ಅಂದದ್ದೇ ತಡ, ಅತ್ತೆಯ ಮುಖ ಬಾಡಿತು.

"ಮಿಷನ್ ಕೆಟ್ಟಿರ್ಬೇಕು, ಇನ್ನೊಂದ್ಸಲ ನೋಡವ್ವ. ಏರ್ಲಿ ಅಂತ ಬೆಳಿಗ್ಗೆಯಿಂದ ಉಪ್ಪಿನಕಾಯಿ ತಿಂತಾನೇ ಇದ್ದೀನಿ."

"ನಿಮಗೇನು ಹುಚ್ಚಾ ಅತ್ತೆ?" ನಾನು ರೇಗಿದೆ.

"ಕಾಯ್ಲೆ ಇರೋರ ರಕ್ತ ತಾನೇ ಇವ್ರಿಗೆ ಬೇಕಾಗಿರೋದು? ನಂದು ಬೇಡ ಅಂದ್ಬಿಟ್ರೆ ಈ ಹುಡ್ಗಿಗೆ ಔಷ್ದಿ ಹೆಂಗ್ ಸಿಗ್ತದೆ?"

ಡಾಕ್ಟರಮ್ಮ ನಕ್ಕು, "ನಮಗೆ ಮುಖ್ಯವಾಗಿ ಬೇಕಾಗಿರೋದು ನೀವೇ ಅಜ್ಜಿ" ಎಂದರು. ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವ ನನಗೆ ಅವರು ವಿವರಿಸಿದ್ದು ಸುಲಭವಾಗಿ ತಿಳಿಯಿತು. ಪ್ರೆಷರ್ ಹೆಚ್ಚಿದರೆ ಪೈಪ್ ಒಡೆಯುತ್ತದೆ, ನೀರು ತಗ್ಗಿಸಲು ಗೇಟ್‌ವಾಲ್ ತಿರುಗಿಸಬೇಕು. ಮೈಯಲ್ಲಿ ಅಂಥವು ಎಷ್ಟೋ ಇವೆ, ಯಾವುದನ್ನು ತಿರುಗಿಸಿದರೆ ಅಪಾಯವಿಲ್ಲ ಎನ್ನುವುದೇ ಪ್ರಶ್ನೆ. ಅತ್ತೆಯ ಜೀನ್‌ನಲ್ಲೇ ಅಂಥದೊಂದು ವಾಲ್ ಹುಟ್ಟಿನಿಂದ ಕೊಂಚ ತಿರುಗಿದ್ದು, ಅವರು ಇಷ್ಟು ವರ್ಷ ಗಟ್ಟಿಯಾಗಿದ್ದರೆ, ಅದನ್ನೇ ತಿರುಗಿಸುವ ಮಾತ್ರೆ ಹುಡುಕಬಹುದು. ಹುಟ್ಟಿನಿಂದ ಬಂದದ್ದನ್ನು ಉಪ್ಪಿನಕಾಯಿ ಬದಲಿಸಲಾರದು, ಅದಕ್ಕೇ ಜೀನ್ ಹೇಳುವ ಸಾಕ್ಷಿಯ ಮೇಲೆ ನಂಬಿಕೆ.

"ಆದ್ರೆ ಸಾವಿರಾರು ಜನರ ರಕ್ತದ ಜೊತೆ ಹೋಲಿಸಿ ನೋಡ್ಬೇಕು. ವರ್ಷಗಳೇ ಹಿಡಿಯುತ್ತೆ. ಏನೂ ಸಿಗದೆಯೂ ಇರಬಹುದು."

ಅತ್ತೆ ಕೊನೆಯ ಮಾತನ್ನು ಕಿವಿಗೆ ಹಾಕಿಕೊಳ್ಳಲೇ ಇಲ್ಲ. "ಹಂಗಾದ್ರೆ ನನ್ನಿಂದ್ಲೂ ಏನೋ ಒಂದು ಮುಂದಕ್ಕೆ ಹೋಗ್ಬೋದು ಅನ್ನು" ಎಂದು ಸೆರಗು ಸರಿಸಿ ತೋಳು ಚಾಚಿದರು. ಮಗಳು ಅವರ ಇನ್ನೊಂದು ಕೈ ಹಿಡಿದುಕೊಂಡಳು.

ಸೂಜಿ ಚುಚ್ಚುವ ಮೊದಲೇ ಇಬ್ಬರೂ ಅಳುತ್ತಿದ್ದರು. ರಕ್ತ ತೆಗೆದಾದ ಮೇಲೆ ಅತ್ತೆ ಆ ಪುಟ್ಟ ಸೀಸೆಯನ್ನು ನೋಡಿ ಕೇಳಿದರು: "ಇಷ್ಟೇ ಸಾಕಾ? ಇನ್ನೊಂದು ತುಂಬ್ಕೊಳವ್ವ."